ಮಲ್ಲಂದೂರಿನ ಕಾಫಿ, ಕೆನಡಾದ ಗೋಧಿ

ಚಿಕ್ಕಮಗಳೂರಿನಿಂದ ಮುತ್ತೋಡಿ ಕಾಡಿನ ಕಡೆ ಹೋಗುವಾಗ ಮಲ್ಲಂದೂರು ಸಿಗುತ್ತೆ. ಸುತ್ತ ಕಾಫಿ ತೋಟ, ಮರಕ್ಕೆ ಹಬ್ಬಿದ ಮೆಣಸು. ಈ ಊರಿಗೂ ಕೆನಡಾದ ಗೋಧಿ ಬಯಲಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಎರಡೂ ಕಡೆಯ ರೈತ ತಾನು ಬೆಳೆದದ್ದನ್ನು ತಾನೇ ಮಾರುವ ಹಾಗಿರಲಿಲ್ಲ. ಆಮೇಲೆ ಎರಡೂ ಕಡೆ ಆ ಕಟ್ಟು ಬಿಚ್ಚಿತು. ಬಿಚ್ಚಿದವರು ಯಾರು? ಯಾರನ್ನು ಕೇಳಿ ಬಿಚ್ಚಿದರು?

ಮೊದಲು ನಮ್ಮ ಕಥೆ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿತು, ಕಾಫಿ ಕೇಳುವವರಿಲ್ಲದಂತಾಯಿತು. ಆಗ 1942ರ ಕಾಫಿ ಕಾಯ್ದೆ ಬಂತು. ಮನೆ ಖರ್ಚಿಗೆ, ಬಿತ್ತನೆಗೆ ಇಟ್ಟುಕೊಂಡು ಉಳಿದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕು. ಬೋರ್ಡು ಮಾರಿ ಕಂತುಕಂತಾಗಿ ದುಡ್ಡು ಕೊಡುತ್ತೆ. ಕೆನಡಾದಲ್ಲಿ 1935ರಲ್ಲಿ ಗೋಧಿ ಬೋರ್ಡು ಹುಟ್ಟಿತು, 1943ರಲ್ಲಿ ಕಡ್ಡಾಯವಾಯಿತು. ಹೆಸರು ಬೇರೆ, ಬೆಳೆ ಬೇರೆ, ಲೆಕ್ಕಾಚಾರ ಒಂದೇ: ಒಬ್ಬೊಬ್ಬನೇ ಮಾರಿದರೆ ವ್ಯಾಪಾರಿಯ ಕೈ ಮೇಲು, ಎಲ್ಲರದ್ದೂ ಒಟ್ಟಿಗೆ ಮಾರಿದರೆ ರೈತನ ಕೈ ಮೇಲು.

ಇದೇ ಲೆಕ್ಕವನ್ನು ದೇಶಗಳೂ ಹಾಕಿದವು. 1949ರ ಅಂತಾರಾಷ್ಟ್ರೀಯ ಗೋಧಿ ಒಪ್ಪಂದದಲ್ಲಿ ಕೆನಡಾ ಮಾರುವ ದೇಶ, ಭಾರತ ಕೊಳ್ಳುವ ದೇಶ. 1962ರ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದಲ್ಲಿ ಪಾತ್ರ ಅದಲುಬದಲು: ಭಾರತ ಮಾರುವ ಕಡೆ, ಕೆನಡಾ ಕೊಳ್ಳುವ ಕಡೆ. ಒಂದು ಕಾಳು ಕಾಫಿ ಬೆಳೆಯದ ಕೆನಡಾ ಯಾಕೆ ಸಹಿ ಹಾಕಬೇಕು ಹೇಳಿ? ಆದರೆ ಗುಟ್ಟು ಇರೋದೇ ಅಲ್ಲಿ. ಬೆಳೆಯುವ ದೇಶಕ್ಕೆ ಇಂತಿಷ್ಟು ರಫ್ತು ಅಂತ ಕೋಟಾ ಕೊಟ್ಟರೆ ಸಾಲದು. ಮೂಲ ಪ್ರಮಾಣಪತ್ರ ಇಲ್ಲದ ಮೂಟೆಯನ್ನು ಕೊಳ್ಳುವ ದೇಶದ ಕಸ್ಟಮ್ಸ್ ಒಳಗೆ ಬಿಡಬಾರದು. ಕೊಳ್ಳುವವನು ಕಾವಲಿಗೆ ನಿಂತರೆ ಮಾತ್ರ ಬೆಲೆ ನಿಲ್ಲುತ್ತೆ.

1989ರ ಜುಲೈನಲ್ಲಿ ಆ ಕಾವಲು ಬಿತ್ತು. ಲಂಡನ್‌ನಲ್ಲಿ ದೇಶಗಳು ಒಮ್ಮತಕ್ಕೆ ಬರಲಿಲ್ಲ, ಕೋಟಾ ರದ್ದಾಯಿತು, ಕೆಲವೇ ತಿಂಗಳಲ್ಲಿ ಕಾಫಿ ಬೆಲೆ ಅರ್ಧದ ಹತ್ತಿರಕ್ಕೆ ಕುಸಿಯಿತು. ನಮ್ಮ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ 1991ರಲ್ಲಿ ಇಲ್ಲವಾಯಿತು. ಅದೇ ವರ್ಷ ದೆಹಲಿಯಲ್ಲಿ ಉದಾರೀಕರಣ. ಪೂಲ್ ಸಡಿಲವಾಗುತ್ತಾ ಬಂದು 1996ರ ಸೆಪ್ಟೆಂಬರ್‌ಗೆ ಎಲ್ಲರಿಗೂ ಪೂರ್ತಿ ಮುಕ್ತ ಮಾರಾಟ. ಸತ್ಯ ಹೇಳಬೇಕು: ಬೆಳೆಗಾರರೇ ಇದನ್ನು ಕೇಳಿದ್ದರು. ಪೂಲಿನ ಕಂತು ತಡವಾಗುತ್ತಿತ್ತು, ಸಾಲದ ಬಡ್ಡಿ ತಡವಾಗುತ್ತಿರಲಿಲ್ಲ. 1994ರಲ್ಲಿ ಬ್ರೆಜಿಲ್‌ಗೆ ಹಿಮ ಬಿದ್ದು ಬೆಲೆ ಏರಿತ್ತು, ಸ್ವಾತಂತ್ರ್ಯ ಸಿಹಿಯಾಗಿತ್ತು. ಆಮೇಲೆ ವಿಯೆಟ್ನಾಂ ಕಾಫಿ ಮಾರುಕಟ್ಟೆಗೆ ನುಗ್ಗಿತು. 2001ರ ಹೊತ್ತಿಗೆ ಬೆಲೆ ಪಾತಾಳ ಕಂಡಾಗ ಸಣ್ಣ ಬೆಳೆಗಾರನ ಹಿಂದೆ ಪೂಲೂ ಇರಲಿಲ್ಲ, ಕೋಟಾನೂ ಇರಲಿಲ್ಲ.

ಈಗ ಕೆನಡಾಕ್ಕೆ ಬನ್ನಿ. ಗೋಧಿ ಬೋರ್ಡಿನ ಏಕಸ್ವಾಮ್ಯ ಅನ್ಯಾಯ ಅಂತ ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 2004ರಲ್ಲಿ ತೀರ್ಪು ಬಂತು. ಬೋರ್ಡಿನ ವಿಚಾರದಲ್ಲಿ ಗೆದ್ದದ್ದು ಕೆನಡಾ! ಗ್ಯಾಟ್ ಒಪ್ಪಂದದ 17ನೇ ವಿಧಿ ಸರ್ಕಾರಿ ವ್ಯಾಪಾರ ಸಂಸ್ಥೆಗಳನ್ನು ನಿಷೇಧಿಸೋದಿಲ್ಲ. ತಾರತಮ್ಯ ಮಾಡಬೇಡಿ, ವ್ಯಾಪಾರದ ಲೆಕ್ಕದಲ್ಲಿ ವ್ಯವಹಾರ ಮಾಡಿ ಅನ್ನುತ್ತೆ, ಅಷ್ಟೆ.

ಜಿನೀವಾದಲ್ಲಿ ಗೆದ್ದ ಬೋರ್ಡು ಮನೆಯಲ್ಲಿ ಸೋತಿತು. ರೈತರ ಮತ ಕೇಳದೆ ಇಂಥ ಬದಲಾವಣೆ ಮಾಡಬಾರದು ಅಂತ ಅಲ್ಲಿನ ಕಾಯ್ದೆಯಲ್ಲೇ ಇತ್ತು. ಸರ್ಕಾರ ಕೇಳಲಿಲ್ಲ. 2011ರಲ್ಲಿ ಬೋರ್ಡೇ ಮತ ಕೇಳಿತು: ಮತ ಹಾಕಿದ ಗೋಧಿ ರೈತರಲ್ಲಿ ಶೇಕಡಾ 62ರಷ್ಟು ಮಂದಿ ಬೋರ್ಡು ಇರಲಿ ಅಂದರು. ಫೆಡರಲ್ ಕೋರ್ಟ್ ಸರ್ಕಾರದ ನಡೆ ತಪ್ಪು ಅಂದಿತು, ಮೇಲ್ಮನವಿಯಲ್ಲಿ ಆ ತೀರ್ಪು ಬಿದ್ದುಹೋಯಿತು. 2012ರ ಆಗಸ್ಟ್ 1ಕ್ಕೆ ಏಕಸ್ವಾಮ್ಯ ಮುಗಿಯಿತು.

ಹಳೇ ಪೂಲ್ ವಾಪಸ್ ತನ್ನಿ ಅಂತ ನಾನು ಹೇಳುತ್ತಿಲ್ಲ. ಅದರ ಕಷ್ಟ ತಿಂದವರಿಗೇ ಗೊತ್ತು. ಆದರೆ ರೈತ ನೆರವು ಕೇಳಿದಾಗಲೆಲ್ಲ "ಏನು ಮಾಡೋದು, ಜಾಗತಿಕ ನಿಯಮ ಬಿಡಲ್ಲ" ಅನ್ನುವ ಉತ್ತರ ಬರುತ್ತಲ್ಲ, ಅದನ್ನು ಸುಮ್ಮನೆ ನುಂಗಬೇಡಿ. ಕೆಲವೊಮ್ಮೆ ಅದು ನಿಜ, ಕೆಲವೊಮ್ಮೆ ಬರೀ ನೆಪ. ಯಾವ ಒಪ್ಪಂದ, ಎಷ್ಟನೇ ವಿಧಿ ಅಂತ ಕೇಳಿ. ಕೆನಡಾದ ಗೋಧಿ ಬೋರ್ಡನ್ನು ಮುಗಿಸಿದ್ದು ಜಿನೀವಾ ಅಲ್ಲ. ನಮ್ಮ ಪೂಲ್ ಮುಗಿಸಿದ್ದೂ ಜಿನೀವಾ ಅಲ್ಲ. ಎರಡೂ ತೀರ್ಮಾನ ಆದದ್ದು ಅವರವರ ರಾಜಧಾನಿಯಲ್ಲಿ. ಅಲ್ಲಿ ಆದದ್ದಕ್ಕೆ ಉತ್ತರ ಕೊಡಬೇಕಾದವರೂ ಅಲ್ಲೇ ಇದ್ದಾರೆ.