ಫ್ರೆಂಚ್ ಭಾಷಾಕಲಿಕೆ (ಕರ್ನಾಟಕದ ಶಾಲೆಗಳಲ್ಲಿ)

ಪ್ರೌಢಶಾಲಾ ಹಂತದಲ್ಲಿ ಫ್ರೆಂಚನ್ನು ಹೆಚ್ಚುವರಿ ಭಾಷೆಯಾಗಿ ಅಭ್ಯಸಿಸುವುದು. ಕರ್ನಾಟಕದಲ್ಲಿ ಇದು ಮುಖ್ಯವಾಗಿ ನಗರಗಳ ಕೇಂದ್ರೀಯ ಪಠ್ಯಕ್ರಮದ ಕೆಲವು ಶಾಲೆಗಳಲ್ಲಿದೆ. ಶಿವಮೊಗ್ಗ ಜಿಲ್ಲೆಯ ಹೊಸನಗರ, ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳ ಕನ್ನಡ ಮಾಧ್ಯಮ ಪ್ರೌಢಶಾಲೆಗಳಲ್ಲಿ ಸಾಮಾನ್ಯವಾಗಿ ಕನ್ನಡ ಪ್ರಥಮ, ಇಂಗ್ಲಿಷ್ ದ್ವಿತೀಯ, ಹಿಂದಿ ತೃತೀಯ ಭಾಷೆ. ರಾಜ್ಯದ ಪದವಿಪೂರ್ವ ಹಂತದ ಭಾಷಾ ವಿಷಯಗಳಲ್ಲಿ ಫ್ರೆಂಚ್ ಸೇರಿದೆ.

ವ್ಯಾಕರಣ: ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ, ವಸ್ತುಗಳೆಲ್ಲ ನಪುಂಸಕ. ಫ್ರೆಂಚಿನಲ್ಲಿ ನಪುಂಸಕಲಿಂಗವಿಲ್ಲ: ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಆದ್ದರಿಂದ ಪ್ರತಿ ನಾಮಪದವನ್ನೂ ಅದರ ‘ಲ’ ಅಥವಾ ‘ಲಾ’ ಉಪಪದದೊಡನೆ ಕಲಿಯಬೇಕು. ‘ತ್ಯು’, ‘ವು’ಗಳ ಭೇದ ಮಾತ್ರ ‘ನೀನು’, ‘ನೀವು’ ಬಲ್ಲ ಮಕ್ಕಳಿಗೆ ಸಹಜ.

ಉಚ್ಚಾರಣೆ: ಬರೆದಂತೆ ಓದುವ ಕನ್ನಡದ ರೂಢಿ ಇಲ್ಲಿ ನೆರವಾಗದು. ಪದಾಂತ್ಯದ ವ್ಯಂಜನಗಳು ಬಹುಪಾಲು ಮೌನ. ಮುಂದಿನ ಪದ ಸ್ವರದಿಂದ ಆರಂಭವಾದರೆ ಅವುಗಳಲ್ಲಿ ಕೆಲವು ಕೇಳಿಸುತ್ತವೆ. ಅನುನಾಸಿಕ ಸ್ವರಗಳಿಗೆ ಕಿವಿಯ ಅಭ್ಯಾಸ ಅಗತ್ಯ.

ಪರೀಕ್ಷೆ, ಅವಕಾಶ: ಬೆಂಗಳೂರಿನ ಅಲಿಯಾನ್ಸ್ ಫ್ರಾಂಸೇಸ್ ತರಗತಿಗಳನ್ನು ನಡೆಸುತ್ತದೆ. ಅಂತಾರಾಷ್ಟ್ರೀಯ ಡೆಲ್ಫ್ ಪ್ರಮಾಣಪತ್ರಕ್ಕೆ ಎ1, ಎ2, ಬಿ1, ಬಿ2 ಎಂಬ ನಾಲ್ಕು ಹಂತಗಳಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರೌಢ ಹಂತದಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳಲ್ಲಿ ಫ್ರೆಂಚನ್ನೂ ಹೆಸರಿಸಿದೆ. ಮಲೆನಾಡಿನ ಮಕ್ಕಳಿಗೂ ಈ ಅವಕಾಶ ದೊರೆಯುವುದು ಅಪೇಕ್ಷಣೀಯ.