ಶಸ್ತ್ರವೈದ್ಯರ ಕಣ್ಣಳತೆ

ಕಣ್ಣೆದುರಿನ ನಿಜ ದೃಶ್ಯದ ಮೇಲೆ ಕಂಪ್ಯೂಟರ್ ರಚಿಸಿದ ಚಿತ್ರವನ್ನು ಹೊಂದಿಸಿ ತೋರಿಸುವ ಆಗ್ಮೆಂಟೆಡ್ ರಿಯಾಲಿಟಿ ತಂತ್ರವು ಶಸ್ತ್ರಚಿಕಿತ್ಸೆಗೆ ಹೊಸದೆಂದು ತೋರಿದರೂ, ಅದರ ಬೇರುಗಳು 1895ರಲ್ಲಿ ರಾಂಟ್ಜನ್ ಎಕ್ಸ್-ಕಿರಣಗಳನ್ನು ಕಂಡುಹಿಡಿದ ಕಾಲದವರೆಗೂ ಹೋಗುತ್ತವೆ. ಚರ್ಮದೊಳಗಿನ ಮೂಳೆ ಅಂದು ಕಂಡಿತಾದರೂ ಅದು ಕಂಡದ್ದು ರೋಗಿಯ ದೇಹದಿಂದ ದೂರವಿದ್ದ ಫಲಕದ ಮೇಲೆ. ಚಿತ್ರವನ್ನೂ ದೇಹವನ್ನೂ ಮನಸ್ಸಿನಲ್ಲೇ ತಾಳೆ ಹಾಕುವ ಹೊಣೆ ವೈದ್ಯರದಾಗಿಯೇ ಉಳಿಯಿತು.

ಮಿದುಳಿನ ವಿಷಯದಲ್ಲಿ ಈ ಹೊಣೆ ಅತ್ಯಂತ ಭಾರವಾದದ್ದು. 1908ರಲ್ಲಿ ಲಂಡನ್ನಿನ ಹಾರ್ಸ್ಲಿ ಮತ್ತು ಕ್ಲಾರ್ಕ್ ಪ್ರಾಣಿಗಳ ತಲೆಗೆ ಅಳವಡಿಸುವ ಅಳತೆಯ ಚೌಕಟ್ಟನ್ನು ವಿವರಿಸಿದರು. 1947ರಲ್ಲಿ ಫಿಲಡೆಲ್ಫಿಯಾದ ಸ್ಪೀಗೆಲ್ ಮತ್ತು ವೈಸಿಸ್ ಅಂಥದೊಂದನ್ನು ಮನುಷ್ಯರಿಗೆ ಬಳಸಿದರು. ಮಿದುಳಿನ ಒಂದು ಬಿಂದುವನ್ನು ಮೂರು ಅಳತೆಗಳಿಂದ ಗುರುತಿಸಿ ಸೂಜಿಯನ್ನು ಅಲ್ಲಿಗೆ ನಡೆಸುವ ಈ ವಿಧಾನಕ್ಕೆ ಸ್ಟೀರಿಯೊಟ್ಯಾಕ್ಸಿ ಎಂದು ಹೆಸರು. ಬೆಂಗಳೂರಿನ ನಿಮ್ಹಾನ್ಸ್‌ನ ಮೊದಲ ನಿರ್ದೇಶಕರಾದ ಡಾ. ಆರ್. ಎಂ. ವರ್ಮ ಅವರು ಚೌಕಟ್ಟನ್ನೇ ಕೈಬಿಟ್ಟು ಬರಿಗೈಯಿಂದ ಸೂಜಿ ನಡೆಸುವ ಕ್ರಮಕ್ಕೆ ಹೆಸರಾದರು. ಯಂತ್ರದ ಲೆಕ್ಕವನ್ನು ಅಂಗರಚನೆಯ ಜ್ಞಾನವೂ ಪಳಗಿದ ಕೈಯೂ ಮಾಡಿದ ಈ ಅಧ್ಯಾಯವನ್ನು ಪಾಶ್ಚಾತ್ಯ ಯಂತ್ರಗಳ ಚರಿತ್ರೆಯ ಅಡಿಟಿಪ್ಪಣಿಯಾಗಿಸುವುದು ಸರಿಯಲ್ಲ.

1971ರಲ್ಲಿ ಲಂಡನ್ನಿನಲ್ಲಿ ರೋಗಿಯೊಬ್ಬರ ತಲೆಯ ಮೊದಲ ಸಿ.ಟಿ. ಸ್ಕ್ಯಾನ್ ನಡೆದ ಮೇಲೆ ಮೃದು ಅಂಗಾಂಶವೂ ಪದರ ಪದರವಾಗಿ ಕಂಡಿತು. 1986ರಲ್ಲಿ ಅಮೆರಿಕದ ಡೇವಿಡ್ ರಾಬರ್ಟ್ಸ್ ಮತ್ತು ಸಂಗಡಿಗರು ಸ್ಕ್ಯಾನಿನಲ್ಲಿ ಕಂಡ ಗೆಡ್ಡೆಯ ಅಂಚುರೇಖೆಯನ್ನು ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕದೊಳಗೇ ಬೀಳಿಸಿದರು: ಸೂಕ್ಷ್ಮದರ್ಶಕಕ್ಕೆ ಕೂಡಿಸಿದ್ದ ಕಿಡಿಸಾಧನಗಳ ಸದ್ದನ್ನು ಮೈಕ್ರೊಫೋನುಗಳು ಗ್ರಹಿಸುತ್ತಿದ್ದವು, ಸದ್ದು ತಲುಪಲು ಹಿಡಿದ ಹೊತ್ತಿನಿಂದ ಕಂಪ್ಯೂಟರ್ ಸೂಕ್ಷ್ಮದರ್ಶಕದ ನೆಲೆಯನ್ನು ಲೆಕ್ಕ ಹಾಕುತ್ತಿತ್ತು. ದೂರದ ಫಲಕದ ಚಿತ್ರ ವೈದ್ಯರ ದೃಷ್ಟಿರೇಖೆಗೆ ಬಂದುದು ಹೀಗೆ. 2020ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ವೈದ್ಯರು ಇಂಥ ಚಿತ್ರವನ್ನು ಕಣ್ಣೆದುರು ತೋರಿಸುವ, ತಲೆಗೆ ಧರಿಸುವ ಸಾಧನದ ನೆರವಿನಿಂದ ರೋಗಿಯ ಬೆನ್ನುಮೂಳೆಗೆ ತಿರುಪುಗಳನ್ನು ಕೂಡಿಸಿದರು. ಗಟ್ಟಿಯಾದ ಬೆನ್ನುಮೂಳೆ ಈ ತಂತ್ರಕ್ಕೆ ಒಗ್ಗುತ್ತದೆ. ಆದರೆ ತಲೆಬುರುಡೆ ತೆರೆದಾಗ ಮಿದುಳು ತನ್ನ ನೆಲೆಯಿಂದ ಸರಿಯುವುದರಿಂದ, ಮೊದಲೇ ತೆಗೆದ ಚಿತ್ರ ಅಲ್ಲಿ ಸುಳ್ಳಾಗಬಹುದು.

ಕರ್ನಾಟಕದ ಗಡಿಗೆ ತಾಗಿದ ಆಂಧ್ರದ ಪಶ್ಚಿಮ ಕರ್ನೂಲಿಗೆ ಈ ಚರಿತ್ರೆ ಬೇರೆಯೇ ದಾರಿಯಿಂದ ತಲುಪುತ್ತದೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ, ಆಲೂರು ತಾಲ್ಲೂಕುಗಳು 1953ರಲ್ಲಿ ಆಂಧ್ರಕ್ಕೆ ಸೇರಿದವು; ಕರ್ನೂಲಿನಲ್ಲಿ ವೈದ್ಯಕೀಯ ಕಾಲೇಜು ತೆರೆದದ್ದು 1956ರಲ್ಲಿ, ಬಳ್ಳಾರಿಯಲ್ಲಿ 1961ರಲ್ಲಿ. ಗುಂತಕಲ್ಲಿಗೆ ಹತ್ತಿರದ ಮದ್ದಿಕೇರದಂಥ ಊರಿನ ರೋಗಿಗೆ ಚಿತ್ರ ದೇಹಕ್ಕೆಷ್ಟು ಹತ್ತಿರ ಎಂಬುದಕ್ಕಿಂತ ಆಸ್ಪತ್ರೆ ಊರಿಗೆಷ್ಟು ಹತ್ತಿರ ಎಂಬುದೇ ಮೊದಲ ಪ್ರಶ್ನೆ. ಸ್ಕ್ಯಾನ್ ಇಲ್ಲದೆ ಈ ತಂತ್ರಕ್ಕೆ ಅಡಿಪಾಯವೇ ಇಲ್ಲವಾದುದರಿಂದ, ಗಡಿಯ ಎರಡೂ ಬದಿಯ ಸರ್ಕಾರಗಳು ಮೊದಲು ತಾಲ್ಲೂಕು ಆಸ್ಪತ್ರೆಗಳಿಗೆ ಸ್ಕ್ಯಾನ್ ಯಂತ್ರವನ್ನೂ ಅದನ್ನು ಓದಬಲ್ಲ ವೈದ್ಯರನ್ನೂ ಒದಗಿಸಬೇಕು.