ಊರ ಹಂಡೆ ಮತ್ತು ಕಂಪ್ಯೂಟರಿನ ಎರವಲು

ಚಿತ್ತಾಪುರದ ಸುತ್ತಲಿನ ಹಳ್ಳಿಗಳಲ್ಲಿ ಮದುವೆ ಅಡಿಗೆಯ ದೊಡ್ಡ ಹಂಡೆ, ಕೊಪ್ಪರಿಗೆಗಳನ್ನು ಪ್ರತಿ ಮನೆಯವರೂ ಕೊಳ್ಳುತ್ತಿರಲಿಲ್ಲ. ಗುಡಿಯಲ್ಲೋ ಮಠದಲ್ಲೋ ಇದ್ದರೆ ಊರಿಗೆಲ್ಲ ಸಾಕು. ಕಂಪ್ಯೂಟರಿನೊಳಗೂ ಇಂಥದೇ ಏರ್ಪಾಡಿದೆ. ಅಕ್ಷರ ಮೂಡಿಸುವುದು, ಚಿತ್ರ ಬಿಡಿಸುವುದು ಮೊದಲಾಗಿ ಎಲ್ಲರಿಗೂ ಬೇಕಾದ ಕೆಲಸಗಳನ್ನು ಒಂದೆಡೆ ಬರೆದಿಟ್ಟಿರುತ್ತಾರೆ. ಪ್ರೋಗ್ರಾಂಗಳು ಅಲ್ಲಿಂದ ಎರವಲು ಪಡೆಯುತ್ತವೆ. ಇದಕ್ಕೆ ಶೇರ್ಡ್ ಲೈಬ್ರರಿ ಎಂದು ಹೆಸರು.

ಇದರ ಇತಿಹಾಸ ಹಳೆಯದು. 1960ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ., ಬೆಲ್ ಲ್ಯಾಬ್ಸ್, ಜನರಲ್ ಎಲೆಕ್ಟ್ರಿಕ್ ಸೇರಿ ಕಟ್ಟಿದ ಮಲ್ಟಿಕ್ಸ್‌ನಲ್ಲಿ ಈ ಎರವಲು ಇತ್ತು. ಅದರಿಂದ ಹೊರಬಂದ ಕೆನ್ ಥಾಂಪ್ಸನ್, ಡೆನಿಸ್ ರಿಚಿ 1969ರಲ್ಲಿ ಯುನಿಕ್ಸ್ ಆರಂಭಿಸಿದಾಗ ಸರಳತೆಗಾಗಿ ಇದನ್ನು ಬಿಟ್ಟರು. ಪ್ರತಿ ಪ್ರೋಗ್ರಾಂ ತನ್ನ ಹಂಡೆಯನ್ನು ತಾನೇ ಹೊತ್ತುಕೊಂಡಿತು. ಪರದೆಯ ಮೇಲೆ ಕಿಟಕಿ, ಚಿತ್ರಗಳು ಬಂದಮೇಲೆ ಈ ಹೊರೆ ತಾಳದಾಯಿತು. 1988ರ ಸನ್ ಓಎಸ್ 4.0 ಎರವಲನ್ನು ಮತ್ತೆ ತಂದಿತು. 1991ರಲ್ಲಿ ಹುಟ್ಟಿದ ಲಿನಕ್ಸ್‌ನಲ್ಲಿ ಮೊದಮೊದಲು ಪ್ರತಿ ಲೈಬ್ರರಿಗೂ ಮೆಮೊರಿಯಲ್ಲಿ ಇಂಥದೇ ಜಾಗವೆಂದು ಗೊತ್ತುಮಾಡಬೇಕಿತ್ತು. 1995ರ ಸುಮಾರಿಗೆ ಇ.ಎಲ್.ಎಫ್. ಎಂಬ ಹೊಸ ರೂಪ ಬಳಕೆಗೆ ಬಂದು ಆ ಕಷ್ಟ ಕಳೆಯಿತು.

ಹಂಚಿಕೊಳ್ಳುವುದರ ಲಾಭ ನಮ್ಮ ಭಾಷೆಗೂ ಸಿಕ್ಕಿದೆ. ಇಂದು ಲಿನಕ್ಸ್‌ನಲ್ಲಿ ಕನ್ನಡದ ಒತ್ತಕ್ಷರಗಳನ್ನು ಕೂಡಿಸುವುದು ಬಹುಮಟ್ಟಿಗೆ ಹಾರ್ಫ್‌ಬಜ್ ಎಂಬ ಲೈಬ್ರರಿ. ಅಲ್ಲಿ ಒಂದು ತಪ್ಪು ತಿದ್ದಿದರೆ, ಅದನ್ನು ಎರವಲು ಪಡೆಯುವ ಎಲ್ಲ ಪ್ರೋಗ್ರಾಂಗಳಲ್ಲೂ ಕನ್ನಡ ತಿದ್ದಿಕೊಳ್ಳುತ್ತದೆ.

ಆದರೆ ಎರವಲು ಎಂದಮೇಲೆ ತಕರಾರು ಇದ್ದದ್ದೇ. ಕೆಲವು ವರ್ಷಗಳ ಹಿಂದೆ ನಾನಿದ್ದ ಶಾಲೆಯಲ್ಲಿ ಒಂದು ಕಂಪ್ಯೂಟರಿಗೆ ‘ಕೆಟ್ಟಿದೆ’ ಎಂದು ಚೀಟಿ ಅಂಟಿಸಿ ಬಟ್ಟೆ ಹೊದಿಸಿದ್ದರು. ಮಕ್ಕಳಿಗೆ ಬೇಕಾದ ಗಣಿತದ ಪ್ರೋಗ್ರಾಂ ಅದೊಂದರಲ್ಲೇ ಇತ್ತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಟೀಚರ್, ಅದು ಕೆಟ್ಟಿಲ್ಲರಿ, ಏನೋ ಒಂದು ಇಲ್ಲ ಅಂತದರಿ" ಎಂದಳು. ನೋಡಿದರೆ, ‘ಶೇರ್ಡ್ ಆಬ್ಜೆಕ್ಟ್ ಫೈಲ್ ತೆರೆಯಲಾಗದು, ಅಂಥ ಫೈಲ್ ಇಲ್ಲ’ ಎಂಬರ್ಥದ ಇಂಗ್ಲಿಷ್ ಸಾಲು.

ನಾನು ಸಮಾಜ ವಿಜ್ಞಾನದವಳು. ಸಾಕ್ಷಿ ‘ಇಲ್ಲ’ ಎಂದರೆ ಎಲ್ಲಿ ಹುಡುಕಿದ್ದೆ ಎಂದು ಕೇಳುವುದು ನಮ್ಮ ಪಾಠ. ಪರಿಚಯದ ತರುಣ ಕಂಪ್ಯೂಟರ್ ಶಿಕ್ಷಕರೊಬ್ಬರು ಬಂದು ‘ಎಲ್‌ಡಿಡಿ’ ಎಂಬ ಆಜ್ಞೆ ಕೊಟ್ಟರು. ಆ ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳ ಪಟ್ಟಿ ಬಂತು. ಒಂದರ ಮುಂದೆ ಮಾತ್ರ ‘ಸಿಗಲಿಲ್ಲ’ ಎಂದಿತ್ತು. ಹುಡುಕಿದರೆ ಆ ಫೈಲು ಅದೇ ಯಂತ್ರದಲ್ಲಿ ಇತ್ತು! ಲೈಬ್ರರಿಗಳ ವಿಳಾಸವನ್ನು ಯಂತ್ರ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡಿರುತ್ತದೆ. ಈ ಲೈಬ್ರರಿಯನ್ನು ಆಮೇಲೆ ಹಾಕಿದ್ದರಿಂದ ಹೆಸರು ಪಟ್ಟಿಗೆ ಸೇರಿರಲಿಲ್ಲ. ಮನುಷ್ಯ ಊರಲ್ಲೇ ಇದ್ದರೂ ರೇಷನ್ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅಂಗಡಿಯಲ್ಲಿ ‘ಇಲ್ಲ’ ಎನ್ನುವುದಿಲ್ಲವೇ, ಹಾಗೆ. ‘ಎಲ್‌ಡಿಕಾನ್ಫಿಗ್’ ಎಂಬ ಒಂದೇ ಆಜ್ಞೆ ಪಟ್ಟಿಯನ್ನು ಹೊಸದಾಗಿಸಿತು. ಪ್ರೋಗ್ರಾಂ ತೆರೆಯಿತು.

ಎಲ್ಲ ತಕರಾರೂ ಇಷ್ಟು ಸುಲಭವಲ್ಲ. ಕೆಲವೊಮ್ಮೆ ಲೈಬ್ರರಿ ನಿಜವಾಗಿಯೂ ಇರುವುದಿಲ್ಲ, ಹಾಕಬೇಕು. ಕೆಲವೊಮ್ಮೆ 32 ಬಿಟ್‌ನದು ಬೇಕಾದಲ್ಲಿ 64 ಬಿಟ್‌ನದು ಇರುತ್ತದೆ. ಇನ್ನು ಕೆಲವೊಮ್ಮೆ ಹೆಸರಿನ ಕೊನೆಯ ಅಂಕಿ ಬೇರೆ. 1997ರಲ್ಲಿ ಗ್ನೂ ಸಿ ಲೈಬ್ರರಿಯ 2ನೆಯ ಆವೃತ್ತಿ ಬಂದಾಗ ಲಿನಕ್ಸ್‌ನಲ್ಲಿ ಆ ಅಂಕಿ 5ರಿಂದ 6 ಆಯಿತು. ಹಳೆಯ ಪ್ರೋಗ್ರಾಂಗಳು 5ನ್ನೇ ಕೇಳುತ್ತಿದ್ದುದರಿಂದ ಎರಡನ್ನೂ ಇಟ್ಟುಕೊಳ್ಳಬೇಕಾಯಿತು. 5ಕ್ಕೆ 6ರ ಹೆಸರಿಟ್ಟು ನಂಬಿಸಹೋದರೆ ಪ್ರೋಗ್ರಾಂ ನಡುದಾರಿಯಲ್ಲಿ ಕೈಕೊಡಬಹುದು.

ಹೊಸದನ್ನು ಕೊಳ್ಳುವ ಶಕ್ತಿ ಇದ್ದವರಿಗೆ ಇದೆಲ್ಲ ಸಣ್ಣ ಮಾತು. ಇದ್ದ ಏಳೆಂಟು ಯಂತ್ರಗಳಲ್ಲೇ ನೂರಾರು ಮಕ್ಕಳು ಕಲಿಯಬೇಕಾದ ಶಾಲೆಗಳಿಗೆ ಅಲ್ಲ. ‘ಕೆಟ್ಟಿದೆ’ ಎಂದು ಚೀಟಿ ಬರೆಯುವ ಮುನ್ನ ಪರದೆಯ ಮೇಲಿನ ಆ ಒಂದು ಸಾಲನ್ನು ಯಾರಾದರೂ ಪೂರ್ತಿ ಓದಬೇಕು. ಇಲ್ಲವಾದರೆ ಒಂದು ಪಟ್ಟಿಯ ತಪ್ಪಿಗೆ ಮಕ್ಕಳ ಒಂದು ವರ್ಷವೇ ಹೋಗುತ್ತದೆ.